ಕಳೆ ಅಂತ ಕಿತ್ತ ತುಂಬೆ, ಓಣಂನ ಮೊದಲ ಹೂವು

ನನ್ನ ತವರು ಗುಂಡ್ಲುಪೇಟೆ ಹತ್ತಿರದ ಹಳ್ಳಿ. ಓಣಂ ಅಂದರೆ ನನಗೆ ಗೊತ್ತಿದ್ದದ್ದು ಚೆಂಡುಹೂವಿನ ಮೂಟೆ ಮಾತ್ರ. ನಾವು ಬಿಡಿಸಿದ ಹೂವು ಕಾಡು ದಾಟಿ ಕೇರಳಕ್ಕೆ ಹೋಗುತ್ತಿತ್ತು. ಅಲ್ಲಿ ಅದನ್ನು ಏನು ಮಾಡುತ್ತಾರೆ ಅಂತ ನೋಡಿದ್ದು ಮದುವೆಯಾಗಿ ಒಟ್ಟಪಾಲಂಗೆ ಬಂದ ಮೇಲೆ.

ಮೊದಲ ವರ್ಷ ತವರಿನಿಂದ ಒಂದು ಚೀಲ ಚೆಂಡುಹೂವು ತಂದಿದ್ದೆ. ಚಿಂಗಂ ತಿಂಗಳ ಅತ್ತಂ, ಅಂದರೆ ನಮ್ಮ ಹಸ್ತ ನಕ್ಷತ್ರದ ದಿನ, ಅಂಗಳದಲ್ಲಿ ಹೂವಿಡಲು ಶುರು ಮಾಡುತ್ತಾರೆ. ಅದೇ ಪೂಕ್ಕಳಂ. ಶ್ರವಣ ನಕ್ಷತ್ರದ ತಿರುವೋಣಂ ತನಕ ದಿನಾ ಇಡಬೇಕು. ನಾನು ಚೀಲ ಬಿಚ್ಚಿದಾಗ ಅತ್ತೆ, "ಅದು ಇರಲಿ ಮೋಳೇ, ಮೊದಲು ತುಂಬ ಬೇಕು" ಅಂದರು. ತುಂಬ ಅಂದರೆ ತುಂಬೆ! ಚೆಂಡುಹೂವಿನ ಸಾಲಿನಲ್ಲಿ ಕಳೆ ಅಂತ ಎಷ್ಟೋ ಸಲ ಕಿತ್ತು ಬದುವಿಗೆ ಎಸೆದಿದ್ದೆ. ಮಾವೇಲಿಗೆ, ಅಂದರೆ ಬಲಿ ಚಕ್ರವರ್ತಿಗೆ, ಅದೇ ಪ್ರೀತಿಯ ಹೂವಂತೆ.

ಬೆಳಗ್ಗೆ ಎದ್ದು ತುಂಬೆ ಬಿಡಿಸಲು ಕೂತೆ. ಅಕ್ಕಿಕಾಳಿನಷ್ಟು ಹೂವು. ಅರ್ಧ ಗಂಟೆಗೆ ಒಂದು ಹಿಡಿ ಸಿಕ್ಕರೆ ಜಾಸ್ತಿ. ಸಗಣಿ ಸಾರಿಸಿದ ಪುಟ್ಟ ಕಟ್ಟೆಯ ಮೇಲೆ ಅಷ್ಟನ್ನೇ ಒಂದು ಸುತ್ತು ಇಟ್ಟೆವು. ಮರುದಿನ ಸುತ್ತು ಸ್ವಲ್ಪ ದೊಡ್ಡದಾಯಿತು. ನಮ್ಮ ಮನೆಯಲ್ಲಿ ಮೂರನೇ ದಿನದ ತನಕ ಕೆಂಪು ಹೂವು ಮುಟ್ಟುವುದಿಲ್ಲ. ಆಮೇಲೆ ದಾಸವಾಳ, ಕೇಪಳ, ಹಳದಿಯ ಮುಕ್ಕುತ್ತಿ ಎಲ್ಲ ಬರುತ್ತವೆ. ಮುಕ್ಕುತ್ತಿ ಅಂದರೆ ಮೂಗುತಿ. ಹೂವೂ ಅಷ್ಟೇ ಇರುತ್ತದೆ. ಮೂಲ ನಕ್ಷತ್ರದ ದಿನ ಮಾತ್ರ ದುಂಡಗೆ ಇಡದೆ ಚೌಕವಾಗಿ ಇಡಬೇಕು. ಮೂಲಂಗೆ ಮೂಲೆ ಬೇಕು ಅಂತ ಅತ್ತೆ ಹೇಳಿಕೊಟ್ಟರು. ನಮ್ಮ ಮಾತಿನಲ್ಲೂ ಅದು ಮೂಲೆಯೇ ಅಲ್ವಾ, ಹಾಗಾಗಿ ಒಂದು ಸಲವೂ ಮರೆತಿಲ್ಲ. ಕಳಂ ದೊಡ್ಡದಾದ ಹಾಗೆ ತುಂಬೆ ಸಾಲುವುದಿಲ್ಲ. ನನ್ನ ಚೆಂಡುಹೂವಿನ ಸರದಿ ಬಂದದ್ದು ಆಗಲೇ.

ನನಗೆ ಕಷ್ಟವಾದದ್ದು ತೃಕ್ಕಾಕರಪ್ಪನನ್ನು ಮಾಡುವುದು. ಜೇಡಿಮಣ್ಣಿನಲ್ಲಿ ನಾಲ್ಕು ಮೂಲೆಯ ಚೂಪು ಗೋಪುರ ಮಾಡಿ, ತುದಿಯನ್ನು ಚಪ್ಪಟೆ ಮಾಡಬೇಕು. ಇದು ವಾಮನನ ರೂಪ. ಕೊಚ್ಚಿ ಹತ್ತಿರದ ತೃಕ್ಕಾಕರದಲ್ಲಿ ಇರುವುದೂ ವಾಮನನ ದೇವಸ್ಥಾನವೇ. ಬಲಿಪಾಡ್ಯಮಿಗೆ ನಮ್ಮ ಕಡೆ ಸಗಣಿಯಲ್ಲಿ ಗೊಂಬೆ ಮಾಡಿ ಹೂವು ಸಿಕ್ಕಿಸುತ್ತಾರಲ್ಲ, ಅದು ನೆನಪಾಗಿ ಸುಲಭ ಅಂದುಕೊಂಡೆ. ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟೆ. ಸಂಜೆಗೆ ನಾನು ಮಾಡಿದ್ದ ಮೂರು ಗೋಪುರಗಳೂ ಬಿರುಕು ಬಿಟ್ಟಿದ್ದವು. ನನಗೆ ಅಳುವೇ ಬಂತು. ಈಗ ಮಣ್ಣನ್ನು ಕಲ್ಲಿಲ್ಲದಂತೆ ಆರಿಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಚೆನ್ನಾಗಿ ತಟ್ಟುತ್ತೇನೆ. ಹಸಿ ಇರುವಾಗಲೇ ತುದಿಯಲ್ಲಿ ತೂತು ಮಾಡಿಕೊಳ್ಳುತ್ತೇನೆ, ತೆಂಗಿನ ಗರಿಯ ಕಡ್ಡಿಗೆ ಚುಚ್ಚಿದ ಹೂವು ಅಲ್ಲಿ ನಿಲ್ಲಬೇಕು. ನಾಲ್ಕೈದು ದಿನ ನೆರಳಲ್ಲೇ ಒಣಗಿಸುತ್ತೇನೆ.

ಉತ್ರಾಡಂ, ಅಂದರೆ ತಿರುವೋಣಂನ ಹಿಂದಿನ ದಿನ, ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಓಡಾಟಕ್ಕೇ ಉತ್ರಾಡಪ್ಪಾಚ್ಚಿಲ್ ಅನ್ನುತ್ತಾರೆ. ಓಣಂನ ಎಲೆಯೂಟಕ್ಕೆ ಸದ್ಯ ಅನ್ನುತ್ತಾರೆ, ಅದರ ಅಡುಗೆ ಬಗ್ಗೆ ಬರೆಯಲು ಹೋದರೆ ಮುಗಿಯುವುದಿಲ್ಲ. ಒಂದೇ ಮಾತು: ಅಡ ಪ್ರಥಮನ್ ಅನ್ನುವ ಪಾಯಸಕ್ಕೆ ತೆಂಗಿನಕಾಯಿಯ ಮೂರನೇ ಹಾಲು, ಎರಡನೇ ಹಾಲು ಹಾಕಿ ಕುದಿಸಿ. ಮೊದಲ ಗಟ್ಟಿ ಹಾಲನ್ನು ಒಲೆ ಆರಿಸಿದ ಮೇಲೆಯೇ ಸೇರಿಸಿ. ಕುದಿದರೆ ಅದು ಒಡೆಯುತ್ತದೆ.

ತಿರುವೋಣಂ ದಿನ ಬೆಳಕು ಹರಿಯುವ ಮೊದಲೇ ಅಕ್ಕಿಹಿಟ್ಟಿನ ನೀರನ್ನು ನೆಲಕ್ಕೂ ತೃಕ್ಕಾಕರಪ್ಪನ ಮೇಲೂ ಕೈಯಿಂದ ಇಳಿಬಿಡುತ್ತೇವೆ. ತುದಿಗೆ ತುಂಬೆ ಕುಡಿ ಇಟ್ಟು, ಬಾಳೆ ಎಲೆಯಲ್ಲಿ ಬೇಯಿಸಿದ ಅಡ ಅನ್ನುವ ಕಡುಬನ್ನು ನೈವೇದ್ಯ ಮಾಡುತ್ತೇವೆ. ಮಾವ "ಆರ್ಪೋ" ಅಂತ ಕೂಗಿದರೆ ನಾವೆಲ್ಲ "ಇರ್ರೋ ಇರ್ರೋ" ಅನ್ನಬೇಕು. ಮೊದಲ ವರ್ಷ ನನ್ನ ದನಿಯೇ ಹೊರಟಿರಲಿಲ್ಲ. ಈಗ ಎಲ್ಲರಿಗಿಂತ ಜೋರಾಗಿ ಕೂಗುವುದು ನಾನು.

ಸುತ್ತಮುತ್ತಲ ಅಂಗಳಗಳಿಗೆಲ್ಲ ಟೈಲ್ಸ್ ಬಂದು ತುಂಬೆ ಕಮ್ಮಿಯಾಗಿದೆ. ನಮ್ಮಲ್ಲಿ ಬಾವಿಯ ಪಕ್ಕ ಒಂದು ಪಟ್ಟಿ ಉಳಿಸಿಕೊಂಡಿದ್ದೇನೆ. ಮೆಷಿನ್ ಹಿಡಿದು ಹುಲ್ಲು ಕತ್ತರಿಸಲು ಬರುವ ಅಣ್ಣನಿಗೆ ಮಳೆಗಾಲ ಶುರುವಾಗುವಾಗಲೇ ಹೇಳಿಬಿಡುತ್ತೇನೆ: ಓಣಂ ಮುಗಿದು ಬೀಜ ಉದುರುವ ತನಕ ಅಲ್ಲಿಗೆ ಹೋಗಬೇಡಿ.