ಅಸಲು ಮುಟ್ಟದೆ ಊರೂರು ಸುತ್ತಾಟ: ದುಡ್ಡು ಹೊಂದಿಸಿದ ನನ್ನ ಅನುಭವ

ದಾವಣಗೆರೆ ಮನೆಯನ್ನು ಬಾಡಿಗೆಗೆ ಕೊಟ್ಟು, ವರ್ಷದ ಹೆಚ್ಚಿನ ತಿಂಗಳು ಗಂಡ ಹೆಂಡತಿ ಹೊರ ಊರುಗಳಲ್ಲೇ ಇರುವ ಲೆಕ್ಕ ಕಡೆಗೂ ಕೂಡಿಬಂದಿದೆ. "ಎರಡೇ ವರ್ಷ, ಇಡಗಂಟು ಕರಗಿ ವಾಪಸ್ ಬರ್ತೀರಿ" ಎಂದಿದ್ದವರೇ ಈಗ ಕಾಗದ ಪೆನ್ನು ಹಿಡಿದು ವಿವರ ಕೇಳುತ್ತಾರೆ. ಅಸಲಿನಲ್ಲಿ ಒಂದು ರೂಪಾಯಿಯೂ ತೆಗೆದಿಲ್ಲ.

ಬುನಾದಿ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಿಂದ ಒಬ್ಬರಿಗೆ 30 ಲಕ್ಷದ ಮಿತಿ. 8.2% ದರದಲ್ಲಿ ಮಿತಿಯಷ್ಟೂ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಇಟ್ಟ ದಿನದ ದರ ಐದು ವರ್ಷ ಕದಲುವುದಿಲ್ಲ. ತೊಡಕೆಂದರೆ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ ಮಾತ್ರ. ಮೂರನೇ ತಿಂಗಳ ಹೊತ್ತಿಗೆ ಕೈ ಬಿಗಿಯಾಗುತ್ತದೆ. ಆ ಸಂದಿಗೆ ಅಂಚೆಯ ಮಾಸಿಕ ಆದಾಯ ಯೋಜನೆ: 9 ಲಕ್ಷಕ್ಕೆ 7.4%ರಂತೆ ತಿಂಗಳಿಗೆ 5,550. ಖಾತೆ ತೆರೆದ ತಾರೀಕಿಗೇ ಬಡ್ಡಿ ಬೀಳುವುದರಿಂದ 20ರ ಸುಮಾರಿಗೆ ತೆರೆಯಿರಿ, ತಿಂಗಳ ಕೊನೆಗೆ ಆಗುತ್ತದೆ. ಎರಡಕ್ಕೂ ಉಳಿತಾಯ ಖಾತೆಗೆ ತಾನಾಗಿ ಜಮೆಯಾಗುವಂತೆ ಬರೆದುಕೊಡಲೇಬೇಕು. ತೆಗೆಯದೆ ಬಿಟ್ಟ ಬಡ್ಡಿಗೆ ಬಡ್ಡಿ ಹುಟ್ಟುವುದಿಲ್ಲ, ನೀವು ಊರಿಗೆ ಬರುವವರೆಗೆ ಸುಮ್ಮನೆ ಬಿದ್ದಿರುತ್ತದೆ.

ಷೇರು ಫಂಡಿನಿಂದ ತಿಂಗಳಿಗಿಷ್ಟು ತೆಗೆಯುವ ಎಸ್‌ಡಬ್ಲ್ಯುಪಿಯನ್ನೂ ಪ್ರಯೋಗಿಸಿ ನೋಡಿದ್ದಾಯಿತು. ಮಾರುಕಟ್ಟೆ ಬಿದ್ದ ತಿಂಗಳುಗಳಲ್ಲಿ ಅದೇ ಹತ್ತು ಸಾವಿರಕ್ಕೆ ಹೆಚ್ಚು ಯೂನಿಟ್ ಮಾರಿಹೋಗುತ್ತವೆ, ಮಾರುಕಟ್ಟೆ ಏರಿದಾಗ ಆ ಯೂನಿಟ್‌ಗಳು ಇರುವುದೇ ಇಲ್ಲ. ತಿರುಗಾಟದ ದಿನಖರ್ಚಿಗೆ ಅದು ಒಗ್ಗದು.

ಇನ್ನು ಮನೆ. ವಿದ್ಯಾನಗರದ ಎರಡು ಬೆಡ್‌ರೂಮಿನ ಮನೆಗೆ ಹನ್ನೆರಡು ಹದಿಮೂರು ಸಾವಿರ ಬರುತ್ತದೆ. ನನ್ನ ಲೆಕ್ಕದಲ್ಲಿ ಹೊರ ಊರಿನ ವಸತಿ ಖರ್ಚನ್ನು ಹೊರುವುದು ಇದೇ. ಒಂದು ವರ್ಷದ ತರಬೇತಿಯಲ್ಲಿರುವ ಹೌಸ್ ಸರ್ಜನ್ ವೈದ್ಯರಿಗೆ ಕೊಟ್ಟಾಗ ವರ್ಷ ತುಂಬಿದ್ದೇ ಖಾಲಿ ಮಾಡಿದರು, ಎರಡು ತಿಂಗಳ ಬಾಡಿಗೆ ಹೋಯಿತು. ಮೆಡಿಕಲ್ ಸ್ನಾತಕೋತ್ತರ (ಪಿಜಿ) ಓದುವವರು ಮೂರು ವರ್ಷ ಕದಲುವುದಿಲ್ಲ. ಹನ್ನೊಂದು ತಿಂಗಳ ಕರಾರನ್ನು ಊರಿಗೆ ಬಂದಾಗಲೆಲ್ಲ ನವೀಕರಿಸಿದರೆ ಸಾಕು. ಅಡ್ವಾನ್ಸ್ ಹಣವನ್ನು ಖರ್ಚಿಗೆ ಸೇರಿಸಬೇಡಿ, ಬೇರೆ ಎಫ್‌ಡಿ ಮಾಡಿ. ಅವರು ಹೊರಡುವ ದಿನ ನೀವು ಎಲ್ಲಿರುತ್ತೀರೋ. ಇನ್ನೊಂದು ಪೆಟ್ಟು ಕೊಟ್ಟದ್ದು ಮೋಟಾರ್. ಬೇಸಿಗೆಯಲ್ಲಿ ಸಂಪು ಬತ್ತಿದ್ದು ಗೊತ್ತಾಗದೆ ಹುಡುಗರು ಸ್ವಿಚ್ ಹಾಕಿ ಮಲಗಿದರು, ವೈಂಡಿಂಗ್ ಸುಟ್ಟಿತು, ಮೂರು ಸಾವಿರದ ಆಸುಪಾಸು ಖರ್ಚು. ಸಂಪಿನ ತಳದಿಂದ ಒಂದಡಿ ಮೇಲೆ ನೀರಿನ ಮಟ್ಟದ ಸೆನ್ಸರ್ ಕೂರಿಸಿದ ಮೇಲೆ ಆ ಕಾಟ ತಪ್ಪಿತು. ಒಂದು ರೂಮು ನಮ್ಮ ಸಾಮಾನಿಗೆ ಬೀಗ ಹಾಕಿಟ್ಟಿದ್ದೇವೆ. ಬೀರು, ಮಂಚ ಗೋಡೆಯಿಂದ ಅರ್ಧ ಅಡಿ ದೂರವಿರಲಿ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಬಾಡಿಗೆಯಲ್ಲಿ ಕಂದಾಯ ಕಳೆದು ಉಳಿದುದರ 30%ಗೆ ಆದಾಯ ತೆರಿಗೆ ಇಲ್ಲ.

ಧರ್ಮಛತ್ರಗಳು ಅಗ್ಗ, ಆದರೆ ಸಾಮಾನ್ಯವಾಗಿ ಮೂರು ದಿನಕ್ಕಿಂತ ಹೆಚ್ಚು ಇರಗೊಡುವುದಿಲ್ಲ. ತಿಂಗಳ ಬಾಡಿಗೆಯ ಅಡುಗೆಮನೆ ಸಹಿತ ರೂಮೇ ಲಾಭ. ಸೀಸನ್ ಮುಗಿದ ಊರಿನಲ್ಲಿ ಎಂಟು ಹತ್ತು ಸಾವಿರಕ್ಕೆ ನನಗೆ ಸಿಗುತ್ತದೆ. ಯಾರ ಮೂಲಕ ಹಿಡಿಯುತ್ತೇನೆ ಎಂಬುದನ್ನು ಮಾತ್ರ ಬರೆಯಲಾರೆ. ಬರೆದರೆ ಮುಂದಿನ ಸಲ ಆ ದರ ಉಳಿಯದು. ಒಂದು ಇಂಡಕ್ಷನ್ ಒಲೆ, ಮೂರು ಲೀಟರ್ ಕುಕ್ಕರ್, ಎರಡು ಕೆಜಿ ಮಂಡಕ್ಕಿ ಜೊತೆಗಿದ್ದರೆ ಹೋಟೆಲ್ ಖರ್ಚು ಅರ್ಧಕ್ಕಿಳಿಯುತ್ತದೆ.

ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಬದಲಿಗೆ ಸರ್ಕ್ಯುಲರ್ ಟಿಕೆಟ್ ಹಿಡಿದೆ: ಹೊರಟ ಊರಿಗೇ ಮರಳುವ ಮಾರ್ಗ, ಗರಿಷ್ಠ ಎಂಟು ಕಡೆ ಇಳಿಯಬಹುದು, ದೂರ ಹೆಚ್ಚಿದಷ್ಟೂ ಕಿಲೋಮೀಟರ್ ದರ ಇಳಿಯುತ್ತದೆ. ಮಾರ್ಗದ ಪಟ್ಟಿಯನ್ನು ಸ್ಟೇಷನ್ನಿನಲ್ಲಿ ಕೊಟ್ಟು ವಾಣಿಜ್ಯ ವಿಭಾಗದ ಒಪ್ಪಿಗೆ ಪಡೆಯಬೇಕು. ದಾವಣಗೆರೆ ಮೈಸೂರು ವಿಭಾಗಕ್ಕೆ ಸೇರಿದೆ. ಪ್ರತಿ ಹಂತಕ್ಕೂ ರಿಸರ್ವೇಷನ್ ಬೇರೆ. ಇದಕ್ಕೆ ವಾಯಿದೆ ಇದೆ, ಹಾಗಾಗಿ ಒಂದೇ ಊರಲ್ಲಿ ತಿಂಗಳುಗಟ್ಟಲೆ ಕೂರುವವರಿಗೆ ಆಗದು. ವರ್ಷಕ್ಕೊಂದು ದೊಡ್ಡ ಸುತ್ತಿಗೆ ಮಾತ್ರ ಬಳಸಿ. ಹಿರಿಯರಿಗೆ ಕೆಳಗಿನ ಬರ್ತ್ ಮೀಸಲಿಡುವ ಲೋಯರ್ ಬರ್ತ್ ಕೋಟಾ ಬೇಕಿದ್ದರೆ ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಹೆಸರು ಸೇರಿಸಬೇಡಿ.

ನವೆಂಬರ್‌ನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕಾಗಿ ಊರಿಗೆ ಓಡಿಬರಬೇಕಿಲ್ಲ. ಫೋನಿನಲ್ಲಿ ಮುಖ ಗುರುತಿಸುವ ಆಧಾರ್ ಫೇಸ್ ಆರ್‌ಡಿ ಮತ್ತು ಪ್ರಮಾಣಪತ್ರ ಕೊಡುವ ಜೀವನ್ ಪ್ರಮಾಣ್ ಎರಡೂ ಆ್ಯಪ್ ಹಾಕಿ, ಪಿಂಚಣಿ ಆದೇಶದ (ಪಿಪಿಒ) ನಂಬರ್ ಕೈಯಲ್ಲಿಟ್ಟುಕೊಳ್ಳಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಒಪ್ಪುವುದಿಲ್ಲ. ಬೆಳಕಿಗೆ ಮುಖಮಾಡಿ, ಕನ್ನಡಕ ತೆಗೆದು, ಕೇಳಿದಾಗ ಒಮ್ಮೆ ಕಣ್ಣು ಮಿಟುಕಿಸಿ. ಬಂದ ಪ್ರಮಾಣಪತ್ರದ ಸಂಖ್ಯೆಯನ್ನು (ಪ್ರಮಾಣ್ ಐಡಿ) ಬರೆದಿಟ್ಟುಕೊಳ್ಳಿ, ಡಿಸೆಂಬರ್ ಪಿಂಚಣಿ ತಡವಾದರೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.