ಲೇಡೀಸ್ ರೂಮಿನಲ್ಲಿ ಚೀಟಿ ಡಬ್ಬ ಇಟ್ಟ ಮೇಲೆ

ಹಾಸನ ಜಿಲ್ಲೆಯ ಒಂದು ತಾಲ್ಲೂಕಿನ ಡಿಗ್ರಿ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ನಮ್ಮ ಹುಡುಗಿಯರು ಬಳಸಿದ ಪ್ಯಾಡ್‌ಗಳನ್ನು ಪೇಪರಿನಲ್ಲಿ ಸುತ್ತಿ ಶೌಚಾಲಯದ ಕಿಟಕಿ ಸಂದಿಯಲ್ಲಿ ತುರುಕುತ್ತಿದ್ದರು. ಸ್ವಚ್ಛ ಮಾಡುವ ಅಕ್ಕ ಬಂದು ಹೇಳಿದಾಗ ನಾನು ಕ್ಲಾಸಿನಲ್ಲೇ ಬೈದೆ. ಆಮೇಲೆ ಒಳಗೆ ಹೋಗಿ ನೋಡಿದರೆ ಕಸದ ಬುಟ್ಟಿಯೇ ಇರಲಿಲ್ಲ.

ಒಂದು ಬಿಸ್ಕತ್ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿ ಕನ್ನಡಿ ಪಕ್ಕ ಇಟ್ಟೆ. ಡೇಟ್ ಆದ ದಿನ ಕಾಲೇಜಿನಲ್ಲಿ ಏನು ಕಷ್ಟ ಅಂತ ಬರೆದು ಹಾಕಿ, ಹೆಸರು ಬೇಡ ಎಂದೆ. ಯಾವ ಪ್ಯಾಡ್ ಬೇಕು, ಎಷ್ಟು ರೇಟು ಅಂತ ಬರೆಯುತ್ತಾರೆ ಅಂದುಕೊಂಡಿದ್ದೆ. ಬಂದದ್ದೇ ಬೇರೆ. "ಎರಡನೇ ಬಾಗಿಲಿಗೆ ಚಿಲಕ ಇಲ್ಲ." "ಮಧ್ಯಾಹ್ನದ ಮೇಲೆ ನಲ್ಲೀಲಿ ನೀರು ಬರಲ್ಲ." "ಆರೂವರೆ ಬಸ್ಸಿಗೆ ಹೊರಟರೆ ಸಂಜೆ ಐದಕ್ಕೆ ಮನೆ. ಅಲ್ಲಿವರೆಗೂ ಒಂದೇ ಪ್ಯಾಡ್."

ಇದನ್ನು ಓದಿ ಕರುಳು ಕಿವುಚಿದಂತಾಯಿತು. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು ಅನ್ನುವುದು ಆ ಹುಡುಗಿಗೆ ಗೊತ್ತಿಲ್ಲದ್ದೇನಲ್ಲ. ಬದಲಿಸಲು ಜಾಗ ಇರಲಿಲ್ಲ, ಅಷ್ಟೇ.

ಹಾಗಾಗಿ ಪ್ಯಾಡಿಗಿಂತ ಮೊದಲು ಚಿಲಕ ಹಾಕಿಸಿದೆವು. ಮುಚ್ಚಳ ಇರುವ ಬುಟ್ಟಿ, ನೀರು ತುಂಬಿಡಲು ಡ್ರಮ್, ಮಗ್, ಒಂದು ಕಟ್ಟು ಹಳೇ ಪೇಪರ್ ಬಂದವು. ಕಾಯಿನ್ ಹಾಕಿದರೆ ಪ್ಯಾಡ್ ಕೊಡುವ ಮಷೀನ್ ತರಿಸೋಣ ಅಂದರು ಕೆಲವರು. ಅದು ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ? ನಾನು ಪ್ಯಾಡ್ ತುಂಬಿದ ತೆರೆದ ಡಬ್ಬವೇ ಸಾಕು ಎಂದೆ. ಬೇಕಾದಾಗ ತಗೊಳ್ಳಿ, ಕೈಲಾದಾಗ ತಂದಿಡಿ.

ಜನೌಷಧಿ ಅಂಗಡಿಯಲ್ಲಿ ಪ್ಯಾಡ್ ಒಂದು ರೂಪಾಯಿಗೆ ಸಿಗುತ್ತದೆ, 2019ರಿಂದ. ಅದನ್ನೇ ತುಂಬಿಸಿದೆ. ದಿಢೀರ್ ಅಂತ ಆದಾಗ ಅದು ಸಾಕು. ಎರಡನೇ ದಿನ ಜಾಸ್ತಿ ಹೋಗುವವರಿಗೆ, ಬಸ್ಸಿನಲ್ಲಿ ನಿಂತು ಬರುವವರಿಗೆ ಸಾಲದು. ಅವರಿಗಾಗಿ ಉದ್ದದವನ್ನೂ ಇಟ್ಟೆ. ಉಚಿತವಾಗಿ ಪ್ಯಾಡ್ ಕೊಡುವ ಸರ್ಕಾರದ ಶುಚಿ ಯೋಜನೆ ಹದಿಹರೆಯದವರಿಗೆ. ಡಿಗ್ರಿ ಮುಗಿಯುವ ಮೊದಲೇ ನಮ್ಮ ಮಕ್ಕಳಿಗೆ ಆ ವಯಸ್ಸು ದಾಟಿರುತ್ತದೆ.

ಕೆಲವರು ಬಟ್ಟೆಯನ್ನೇ ಬಳಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಗೆದದ್ದನ್ನು ಯಾರಿಗೂ ಕಾಣಬಾರದು ಅಂತ ಪೆಟಿಕೋಟ್ ಕೆಳಗೆ ಹರವುತ್ತಾರೆ, ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಬಿಸಿಲಿಗೆ ಹಾಕಿ ಅಂತ ಎಷ್ಟು ಸಲ ಹೇಳಿದ್ದೇನೋ.

ಒಂದು ಶನಿವಾರ ಬಾಗಿಲು ಹಾಕಿಕೊಂಡು ಮುಟ್ಟಿನ ಕಪ್ ತೋರಿಸಿದೆ. ಯೋನಿಯೊಳಗೆ ಇಟ್ಟುಕೊಂಡರೆ ರಕ್ತವನ್ನು ಅಲ್ಲೇ ಹಿಡಿದಿಡುವ ಮೆತ್ತನೆಯ ಬಟ್ಟಲು ಅದು. ನಾನೇ ಬಳಸುತ್ತೇನೆ, ಸಲೀಸಾಗಲು ಮೂರು ತಿಂಗಳು ಬೇಕಾಯಿತು ಅಂತಲೂ ಹೇಳಿದೆ. ಹೊಸದೊಂದು ಕೈಯಿಂದ ಕೈಗೆ ಹೋಯಿತು. ಅಂಚನ್ನು ಒತ್ತಿ ಮಡಚಿ ಒಳಗೆ ಸೇರಿಸಬೇಕು, ಅಲ್ಲಿ ಅದು ಅರಳಿಕೊಳ್ಳುತ್ತದೆ. ತೆಗೆಯುವಾಗ ಬಾಲ ಹಿಡಿದು ಎಳೆಯಬಾರದು. ತಳವನ್ನು ಎರಡು ಬೆರಳಲ್ಲಿ ಹಿಸುಕಿ ಗಾಳಿ ಹೋಗಲು ಬಿಟ್ಟರೆ ಮೆಲ್ಲಗೆ ಬರುತ್ತದೆ. ಹನ್ನೆರಡು ಗಂಟೆಯವರೆಗೆ ಇಟ್ಟುಕೊಳ್ಳಬಹುದು, ಅಂದರೆ ಆರೂವರೆ ಬಸ್ಸಿನವರು ಮನೆಗೆ ಹೋಗಿಯೇ ತೆಗೆಯಬಹುದು. "ಒಳಗೇ ಕಳೆದುಹೋದರೆ?" ಅಂದಳು ಒಬ್ಬಳು. ಮೇಲೆ ಗರ್ಭಕೋಶದ ಬಾಯಿ ಇದೆ, ಅದನ್ನು ದಾಟಿ ಹೋಗಲ್ಲ ಎಂದೆ. "ಮದುವೆ ಆಗದವರು?" ಅಂತ ಪಿಸುಗುಟ್ಟಿದಳು ಇನ್ನೊಬ್ಬಳು. ಕನ್ಯಾಪೊರೆ ಎಲ್ಲರಿಗೂ ಒಂದೇ ತರ ಇರಲ್ಲ, ಕಪ್‌ನಿಂದ ಹಿಗ್ಗಬಹುದು, ಹರಿಯಲೂಬಹುದು, ಅದನ್ನು ನೋಡಿ ಯಾರ ನಡತೆಯನ್ನೂ ಹೇಳೋಕಾಗಲ್ಲ ಎಂದೆ. ಬಳಸಲೇಬೇಕು ಅಂತ ಯಾರಿಗೂ ಹೇಳಲಿಲ್ಲ.

ನನ್ನನ್ನು ಸುಮ್ಮನಾಗಿಸಿದ್ದು ಇನ್ನೊಂದು ಪ್ರಶ್ನೆ. "ಆ ದಿನ ನಮ್ಮನೇಲಿ ಒಲೆ ಮುಟ್ಟೋಕೆ ಬಿಡಲ್ಲ ಮೇಡಂ. ಕಪ್ ಎಲ್ಲಿ ಕುದಿಸಲಿ?" ಸ್ವಲ್ಪ ಹೊತ್ತು ಯೋಚಿಸಿ ಹೇಳಿದೆ: ನಡುವಿನ ದಿನಗಳಲ್ಲಿ ಶುದ್ಧ ನೀರಲ್ಲಿ ತೊಳೆದರೆ ಸಾಕು. ಮುಗಿದು ತಲೆಗೆ ನೀರು ಹಾಕಿಕೊಂಡ ಮೇಲೆ ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ, ಒಣಗಿಸಿ, ಬಟ್ಟೆ ಚೀಲದಲ್ಲಿ ಎತ್ತಿಡು. ಮುಂದಿನ ತಿಂಗಳಿಗೆ ಅದು ರೆಡಿ. ಅವಳು ನೋಟ್ಸ್ ತರಹ ಬರೆದುಕೊಂಡಳು.

ಚೀಟಿ ಡಬ್ಬ ಈಗಲೂ ಇದೆ. ಮೊನ್ನೆ ಸಿಕ್ಕಿದ್ದು ಇದು: "ಬಾಗಿಲ ಹಿಂದೆ ಒಂದು ಮೊಳೆ ಹೊಡೆಸಿ ಮೇಡಂ. ಒದ್ದೆ ನೆಲದಲ್ಲಿ ಬ್ಯಾಗು, ವೇಲು ಎಲ್ಲಿಡೋದು?" ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ. ಸಂಜೆ ನಾಲ್ಕು ಹುಕ್ಕು ತಂದೆ.