ಹಳೆಯ ಸ್ಪೀಕರ್ ಮಾರುವ ಮೊದಲು

ಇಪ್ಪತ್ತೈದು ವರ್ಷದ ಹಿಂದೆ ದುಡ್ಡು ಕೂಡಿಸಿ ತಂದ ದೊಡ್ಡ ಸ್ಪೀಕರ್ ಈಗ ಮಂಕಾಗಿದೆ ಅಂತ ಇಲ್ಲಿ ಪುಣೆಯ ಗೆಳೆಯರು ಹೇಳಿದಾಗಲೆಲ್ಲ ನನ್ನ ಉತ್ತರ ಒಂದೇ: ಮಾರಬೇಡಿ. ಒಳ್ಳೆಯ ಪೆಟ್ಟಿಗೆ, ಒಳ್ಳೆಯ ಅಯಸ್ಕಾಂತ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಅಂಚಿನ ಫೋಮು, ಒಳಗಿನ ಕೆಪಾಸಿಟರು, ವೈರಿನ ತುದಿ. ಅದಕ್ಕೂ ಮೊದಲು ನೋಡಬೇಕಾದದ್ದು ಸ್ಪೀಕರ್ ನಿಂತಿರುವ ಜಾಗ.

ಫ್ಲಾಟಿನಲ್ಲಿ ಟಿವಿ ಬರುತ್ತದೆ, ಸೋಫಾ ಬರುತ್ತದೆ, ಸ್ಪೀಕರ್ ಮೂಲೆ ಸೇರುತ್ತದೆ. ಮೂಲೆಯಲ್ಲಿ ಬಾಸ್, ಅಂದರೆ ತಗ್ಗಿನ ಸ್ವರ, ಉಬ್ಬಿ ಹಾಡುವವರ ದನಿಯನ್ನು ಮುಚ್ಚಿಬಿಡುತ್ತದೆ. ಹಿಂದಿನ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಎಳೆಯಿರಿ. ಟ್ವೀಟರ್, ಅಂದರೆ ಏರುಸ್ವರ ನುಡಿಸುವ ಚಿಕ್ಕ ಭಾಗ, ಕೂತವರ ಕಿವಿಯ ಎತ್ತರಕ್ಕಿರಲಿ. ನಮ್ಮ ಹಾಲ್ 14 ಅಡಿ ಉದ್ದ. ಅಂಥ ಕೋಣೆಯಲ್ಲಿ 40 ಹರ್ಟ್ಸ್ ಹತ್ತಿರದ ಸ್ವರ ಗೋಡೆ ಪಕ್ಕ ಗುಂಯ್‌ಗುಡುತ್ತದೆ, ಸರಿ ಮಧ್ಯದಲ್ಲಿ ಕಾಣೆಯಾಗುತ್ತದೆ. ಹಾಗಾಗಿ ಸೋಫಾವನ್ನು ಗೋಡೆಗೆ ಒತ್ತಿ ಇಡಬೇಡಿ, ನಟ್ಟನಡುವೆಯೂ ಬೇಡ. ಟೈಲ್ಸ್ ನೆಲ ಸದ್ದನ್ನು ಹಾಗೇ ವಾಪಸ್ ಎಸೆಯುತ್ತದೆ. ಸ್ಪೀಕರಿಗೂ ಸೋಫಾಕ್ಕೂ ನಡುವೆ ನಾನು ನವಲಗುಂದದ ಜಮಖಾನ ಹಾಸಿದ್ದೇನೆ. ತಾಳದ ಚೂಪು ಅಲ್ಲೇ ತಗ್ಗಿತು.

ಸರಿಯಾಯಿತಾ ಅಂತ ನೋಡುವುದು ಹೇಗೆ? ಮೊದಲು ಒಂದು ಹಳೆಯ ಮೊನೊ (ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ) ರೆಕಾರ್ಡಿಂಗ್ ಹಾಕಿ. ಮಲ್ಲಿಕಾರ್ಜುನ ಮನಸೂರರ ದನಿ ಎರಡೂ ಸ್ಪೀಕರಿನ ಸರಿ ಮಧ್ಯೆ, ಒಂದೇ ಕಡೆ ನಿಲ್ಲಬೇಕು. ಹರಡಿಕೊಂಡರೆ ಸ್ಪೀಕರುಗಳನ್ನು ನಿಮ್ಮ ಕಡೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ. ಆಮೇಲೆ ಭೀಮಸೇನ ಜೋಶಿಯವರ ಒಂದು ಸ್ಟೀರಿಯೊ ಕಛೇರಿ. ಗದಗದ ಕಡೆಯಿಂದ ಬಂದು ಇದೇ ಪುಣೆಯಲ್ಲಿ ನೆಲೆಸಿದವರು, ನನ್ನ ಕಿವಿ ಪಳಗಿದ್ದೇ ಅವರ ದನಿಯಲ್ಲಿ. ಹಾಡು ಶುರುವಾಗುವ ಮೊದಲಿನ ತಂಬೂರಿಯನ್ನೇ ಕೇಳಿ. ಪ್ರತಿ ಮೀಟಿಗೂ ತಂತಿಯ ಜವಾರಿ, ಅಂದರೆ ಆ ಝೇಂಕಾರ, ಬಿಡಿಸಿಕೊಂಡು ಅರಳಬೇಕು. ಬರೀ ಗುಂಗು ಕೇಳಿಸಿದರೆ ಜಾಗ ಇನ್ನೂ ಕೂಡಿಬಂದಿಲ್ಲ, ಇಲ್ಲವೇ ಟ್ವೀಟರಿಗೆ ಹೋಗುವ ದಾರಿಯಲ್ಲಿ ತೊಂದರೆ ಇದೆ.

ಮೊನೊದಲ್ಲೂ ದನಿ ಮಧ್ಯೆ ನಿಲ್ಲದೆ ಬಾಸ್ ತೆಳುವಾಗಿದ್ದರೆ ಒಂದು ಕಡೆ ವೈರ್ ಉಲ್ಟಾ ಇರಬಹುದು. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಕಡೆಯಿಂದ ವೈರ್ ಬಿಚ್ಚಿ. 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಒಂದೊಂದೇ ಸ್ಪೀಕರಿನ ವೈರಿನ ತುದಿಗೆ ಕ್ಷಣಮಾತ್ರ ತಾಗಿಸಿ, ಪ್ಲಸ್ಸು ಆಂಪ್ಲಿಫೈಯರಿನ ಕೆಂಪು ಟರ್ಮಿನಲ್ಲಿನಿಂದ ಬಂದ ಎಳೆಗೆ. ವೂಫರ್, ಅಂದರೆ ಬಾಸ್ ನುಡಿಸುವ ದೊಡ್ಡ ಕೋನು, ಹೊರಗೆ ಬರಬೇಕು. ಹಳೆಯ ಕೆಲವು ಜೆಬಿಎಲ್ ಕಂಪನಿಯ ಸ್ಪೀಕರುಗಳಲ್ಲಿ ಒಳಗೆ ಹೋಗುತ್ತದೆ, ಅದು ತಪ್ಪಲ್ಲ. ಎರಡೂ ಒಂದೇ ಕಡೆ ಹೋದರೆ ಸಾಕು. ಬಿಚ್ಚಿದ್ದೀರಲ್ವಾ, ಕಪ್ಪಾದ ತುದಿ ಕತ್ತರಿಸಿ ಹೊಸ ತಾಮ್ರ ತೆಗೆಯಿರಿ, ಟರ್ಮಿನಲ್ಲನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ.

ಇನ್ನು ಫೋಮು. ಜಾಲರಿ ತೆಗೆದು ಟಾರ್ಚ್ ಹಾಕಿ. ವೂಫರ್ ಸುತ್ತಲಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿದ್ದರೆ, ಪುಡಿ ಉದುರಿದರೆ ಕಥೆ ಮುಗಿದಿದೆ, ಹಾಡು ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ರಬ್ಬರ್ ಅಂಚಾಗಿದ್ದರೆ ನೀವು ಪುಣ್ಯವಂತರು. ಫೋಮು ಹೋದರೆ ವೂಫರ್ ಎಸೆಯಬೇಡಿ, ಅದೇ ಅಳತೆಯ ಅಂಚು ತರಿಸಿ ಅಂಟಿಸಬಹುದು. ಅಂಟು ಒಣಗುವ ಮೊದಲು ಕೋನನ್ನು ಎರಡೂ ಕಡೆ ಸಮನಾಗಿ ಒತ್ತಿ ಬಿಟ್ಟು ನೋಡಿ. ಕರಕರ ಸದ್ದು ಬಂದರೆ ಕೋನಿನ ಹಿಂದಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಉಜ್ಜುತ್ತಿದೆ, ಮತ್ತೆ ಮಧ್ಯಕ್ಕೆ ತನ್ನಿ. ಇದಕ್ಕೆ ಕೈ ನಡುಗದವರು ಬೇಕು. ಧೈರ್ಯ ಇಲ್ಲದಿದ್ದರೆ ರಿಪೇರಿಯವರಿಗೇ ಕೊಡಿ.

ಕಡೆಗೆ ಕ್ರಾಸೋವರ್, ಅಂದರೆ ತಗ್ಗಿನ ಸ್ವರವನ್ನು ವೂಫರಿಗೂ ಏರುಸ್ವರವನ್ನು ಟ್ವೀಟರಿಗೂ ಹಂಚುವ ಸರ್ಕಿಟ್. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಅಳತೆ ವರ್ಷ ಕಳೆದಂತೆ ಜಾರುತ್ತದೆ. ಇಲ್ಲಿನ ಬುಧವಾರ ಪೇಟೆಯ ತಪಕೀರ್ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೊಸದನ್ನು ಕೇಳುವಾಗ 'ನಾನ್ ಪೋಲಾರ್' (ಪ್ಲಸ್ಸು-ಮೈನಸ್ಸು ಭೇದ ಇಲ್ಲದ್ದು) ಅಂತಲೇ ಕೇಳಿ, ಮೈಕ್ರೊಫ್ಯಾರಡ್ ಅಳತೆ ಹಳೆಯದರಷ್ಟೇ ಇರಲಿ, ವೋಲ್ಟು ಅಷ್ಟೇ ಅಥವಾ ಜಾಸ್ತಿ. ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದರೆ ಕೆಲವು ಸಲ ಟ್ವೀಟರ್ ಕಿವಿಗೆ ಚುಚ್ಚುತ್ತದೆ, ಏಕೆಂದರೆ ಅದರ ಒಳಗಿನ ರೆಸಿಸ್ಟೆನ್ಸ್ ಕಮ್ಮಿ. ಬೆಸುಗೆ ಬಿಡಿಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬದಲಿಸಿದರೆ ಎರಡೂ ಪೆಟ್ಟಿಗೆಯಲ್ಲಿ ಒಟ್ಟಿಗೇ ಬದಲಿಸಿ.